ಗೋಡೆಗೆ ಅಂಗೈ ಇಟ್ಟು ನೋಡಿದ ಮನೆಗಳು

ಬಾಡಿಗೆ ಮನೆ ನೋಡಲು ಹೋದವರು ನಲ್ಲಿ ತಿರುಗಿಸುತ್ತಾರೆ, ಬಚ್ಚಲು ಇಣುಕುತ್ತಾರೆ, ಅಡುಗೆಮನೆಗೆ ಬೆಳಕು ಬರುತ್ತದೋ ಇಲ್ಲವೋ ನೋಡುತ್ತಾರೆ. ನಾನು ಗೋಡೆಗೆ ಅಂಗೈ ಇಡುತ್ತಿದ್ದೆ. ದೊಡ್ಡಬಳ್ಳಾಪುರದಲ್ಲಿ ಪಕ್ಕದ ಮನೆಯಲ್ಲಿ ಮಗ್ಗ ಇದೆಯೇ ಎಂದು ಓನರನ್ನು ಕೇಳಬೇಕಾಗಿಲ್ಲ. ಕರೆಂಟಿನ ಮಗ್ಗ ಓಡುತ್ತಿದ್ದರೆ ಅದರ ನಡುಕ ಇಟ್ಟಿಗೆ, ಸಿಮೆಂಟು ದಾಟಿಕೊಂಡು ಅಂಗೈಗೆ ಬರುತ್ತದೆ. ಹಾಗೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಕಾದು, ಆಮೇಲೆ ಬ್ಯಾಗಿನಿಂದ ಪುಸ್ತಕ ತೆಗೆದು ನಿಂತಲ್ಲೇ ಒಂದು ಪುಟ ಓದುತ್ತಿದ್ದೆ. ಓನರಮ್ಮಂದಿರು ನನ್ನ ಮುಖ ನೋಡುತ್ತಿದ್ದರು. ನಮ್ಮ ಯಜಮಾನರು ಬಾಗಿಲ ಹೊರಗೆ ನಿಂತು, ಈ ಹೆಂಗಸು ಯಾರೋ ನನಗೆ ಗೊತ್ತಿಲ್ಲ ಎನ್ನುವ ಹಾಗೆ ಬೀದಿ ನೋಡುತ್ತಿದ್ದರು.

ನಾವು ಹದಿನಾರು ವರ್ಷ ಇದ್ದ ಮನೆ ನೇಕಾರರ ಬೀದಿಯಲ್ಲಿತ್ತು. ನಡುಮನೆ ತುಂಬ ಎರಡು ಮಗ್ಗ. ಉಳಿದ ಒಂದು ಕೋಣೆ ಮತ್ತು ಅಡುಗೆಮನೆಯಲ್ಲಿ ನಾನು, ಇವರು, ಮಗಳು. ಬೆಳಗ್ಗೆ ಏಳಕ್ಕೆ ಸ್ವಿಚ್ಚು ಹಾಕಿದರೆ ಮನೆಯೇ ಸಣ್ಣಗೆ ನಡುಗಲು ಶುರು. ಗೂಡಿನಲ್ಲಿಟ್ಟ ಸ್ಟೀಲು ಡಬ್ಬಗಳು ದಿನವಿಡೀ ಕೂದಲೆಳೆಯಷ್ಟು ಕೂದಲೆಳೆಯಷ್ಟು ಮುಂದೆ ಬರುತ್ತಿದ್ದವು. ಸಂಜೆ ದೀಪ ಹಚ್ಚುವ ಮುಂಚೆ ಅವನ್ನೆಲ್ಲ ಹಿಂದಕ್ಕೆ ತಳ್ಳುವುದು ನನ್ನ ಕೆಲಸ. ಒಂದು ದಿನ ಮರೆತರೆ ಮಾರನೆಯ ದಿನ ಮೆಂತ್ಯದ ಡಬ್ಬ ನೆಲದ ಮೇಲೆ.

ನಾನು ಓದುತ್ತಿದ್ದದ್ದು ಆ ಮಗ್ಗಗಳ ಪಕ್ಕದಲ್ಲೇ. ಇವರು ನೂಲು ತರಲು, ಸೀರೆ ಕೊಡಲು ಹೊರಗೆ ಹೋದಾಗ ಎರಡೂ ಮಗ್ಗ ನೋಡಿಕೊಳ್ಳುವವಳು ನಾನೇ. ಮಗ್ಗ ನೋಡಿಕೊಳ್ಳುವುದೆಂದರೆ ಅದನ್ನೇ ದಿಟ್ಟಿಸುತ್ತಾ ನಿಂತಿರುವುದಲ್ಲ, ಕಿವಿ ಅಲ್ಲಿಟ್ಟರೆ ಸಾಕು. ಎಳೆ ತುಂಡಾದರೆ, ಲಾಳಿಯೊಳಗಿನ ನೂಲು ಮುಗಿದರೆ ಮಗ್ಗ ತಾನಾಗಿ ನಿಂತುಬಿಡುತ್ತದೆ. ಸದ್ದು ನಿಂತ ಕ್ಷಣ ಎದ್ದು ಹೋಗಬೇಕು, ಎಳೆ ಹುಡುಕಿ ಗಂಟು ಹಾಕಬೇಕು, ಮತ್ತೆ ಓಡಿಸಬೇಕು. ನಾನು ಒಂದು ನೂಲಿನ ಮೂಟೆ ಮೇಲೆ ಕೂತು, ಮೊಣಕಾಲ ಮೇಲೆ ಪುಸ್ತಕ ಇಟ್ಟುಕೊಂಡು ಹೀಗೆಯೇ ಓದಿದವಳು. ಲೈಬ್ರರಿಯಿಂದ ತಂದ ಕಾದಂಬರಿ, ಮಗಳ ಪಾಠದ ಪುಸ್ತಕ, ದಿನಸಿ ಕಟ್ಟಿಕೊಟ್ಟ ಪೇಪರು, ಯಾವುದನ್ನೂ ಬಿಟ್ಟವಳಲ್ಲ.

ಪಿಯುಸಿ ಆದಮೇಲೆ ಮದುವೆಯಾಗಿತ್ತು. ಮೂವತ್ತೈದು ದಾಟಿದ ಮೇಲೆ ದೂರಶಿಕ್ಷಣದಲ್ಲಿ ಬಿಎಗೆ ಸೇರಿದೆ. ಯಾಕೆ ಬೇಕಿತ್ತು ಎಂದು ಕೇಳಿದವರಿಗೆಲ್ಲ ಒಂದೊಂದು ಉತ್ತರ ಕೊಟ್ಟಿದ್ದೇನೆ. ನಾದಿನಿಗೆ, ಬಾಶೆಟ್ಟಿಹಳ್ಳಿ ಫ್ಯಾಕ್ಟರಿಯಲ್ಲಿ ಆಫೀಸು ಕೆಲಸ ಸಿಗಬಹುದು ಎಂದೆ. ಅತ್ತೆಗೆ, ಮಗಳಿಗೆ ಪಾಠ ಹೇಳಿಕೊಡಬಹುದು ಎಂದೆ. ಎಲ್ಲ ಸುಳ್ಳು. ನನಗೆ ಬೇಕಿತ್ತು, ಅಷ್ಟೇ. ಮಗಳ ಕಾಲೇಜಿನ ಅರ್ಜಿಯಲ್ಲಿ 'ತಾಯಿಯ ವಿದ್ಯಾಭ್ಯಾಸ' ಎಂಬ ಜಾಗ ಬಂದಾಗಲೆಲ್ಲ ಪೆನ್ನನ್ನು ಮಗಳ ಕೈಗೆ ಕೊಟ್ಟುಬಿಡುತ್ತಿದ್ದೆ.

ಎಲ್ಲ ಪೇಪರೂ ಪಾಸಾಗಿ ಕೊನೆಯ ವರ್ಷದ ಇತಿಹಾಸ ಒಂದು ಉಳಿಯಿತು. ಅದರಲ್ಲಿ ಎರಡು ಸಲ ಫೇಲಾದೆ. ಎರಡನೇ ಸಲದ ಪರೀಕ್ಷೆಯನ್ನು ನೆನೆಸಿಕೊಂಡರೆ ಈಗಲೂ ಮುಖ ಬಿಸಿಯಾಗುತ್ತದೆ. ಹಿಂದಿನ ಪೇಪರುಗಳನ್ನೆಲ್ಲ ಬಸ್ ಸ್ಟ್ಯಾಂಡ್ ಪಕ್ಕದ ಹಳೇ ಶಾಲೆಯಲ್ಲಿ, ಹಾರನ್ನಿನ ಮಧ್ಯೆ ಬರೆದಿದ್ದೆ. ಇತಿಹಾಸದ ಹೊತ್ತಿಗೆ ಪರೀಕ್ಷೆಯನ್ನು ಊರ ಹೊರಗಿನ ಹೊಸ ಕಾಲೇಜಿಗೆ ಹಾಕಿದ್ದರು. ಬರೆಯುತ್ತಾ ಬರೆಯುತ್ತಾ ತಲೆ ಎತ್ತುತ್ತೇನೆ, ಅತ್ತಿತ್ತ ನೋಡುತ್ತೇನೆ, ಮತ್ತೆ ಬಗ್ಗಿದರೆ ಬರೆಯುತ್ತಿದ್ದ ವಾಕ್ಯ ಎಲ್ಲಿಗೆ ಹೋಗುತ್ತಿತ್ತೋ ಮರೆತಿರುತ್ತದೆ. ಮೂರನೇ ಸಲಕ್ಕೋ ನಾಲ್ಕನೇ ಸಲಕ್ಕೋ ಮೇಷ್ಟ್ರು ಬಂದು ನನ್ನ ಬೆಂಚಿನ ಪಕ್ಕ ನಿಂತರು.

"ಏನಮ್ಮಾ, ಈ ವಯಸ್ಸಲ್ಲಿ ಪಕ್ಕದೋರ ಪೇಪರ್ ನೋಡಕ್ಕೆ ನಾಚ್ಕೆ ಆಗಲ್ವಾ?"

ನಾನು ನೋಡಿರಲಿಲ್ಲ. ಮಗಳ ವಯಸ್ಸಿನವರೆಲ್ಲ ತಿರುಗಿ ನೋಡಿದರು. ಅಲ್ಲಿಂದ ಮುಂದೆ ಏನು ಬರೆದೆನೋ ದೇವರಿಗೇ ಗೊತ್ತು. ಯಾಕೆ ಹಾಗೆ ತಲೆ ಎತ್ತುತ್ತಿದ್ದೆ ಎಂದು ನನಗೂ ಗೊತ್ತಿರಲಿಲ್ಲ. ಸರಿಯಾಗಿ ಓದಿಲ್ಲ, ಅದಕ್ಕೇ ಹೀಗೆ, ಮಗ್ಗದ ಗಲಾಟೆಯಲ್ಲಿ ಓದಿದ್ದು ತಲೆಗೆ ಹತ್ತುವುದಾದರೂ ಹೇಗೆ ಎಂದು ನಾನೇ ತೀರ್ಮಾನ ಮಾಡಿಕೊಂಡೆ. ಇನ್ನು ಒಂದೇ ಅವಕಾಶ ಇತ್ತು. ಸೇರಿದ ವರ್ಷದಿಂದ ಇಷ್ಟು ವರ್ಷದೊಳಗೆ ಮುಗಿಸಬೇಕೆಂಬ ನಿಯಮ. ಈ ಸಲವೂ ಹೋದರೆ ಪಾಸಾದ ಪೇಪರುಗಳೂ ಲೆಕ್ಕಕ್ಕಿಲ್ಲ, ಮತ್ತೆ ಮೊದಲಿನಿಂದ ಸೇರಬೇಕು. ಮತ್ತೆ ಸೇರುವ ಶಕ್ತಿ ನನಗಿಲ್ಲವೆಂದು ನನಗೆ ಗೊತ್ತಿತ್ತು.

ಅದೇ ಹೊತ್ತಿಗೆ ಓನರು ಬಂದು, ನಮ್ಮ ಮಗಳು ಅಳಿಯ ಊರಿಗೇ ವಾಪಸು ಬರ್ತಾ ಇದ್ದಾರೆ, ಮೂರು ತಿಂಗಳಲ್ಲಿ ಮನೆ ಬಿಟ್ಟುಕೊಡಿ ಎಂದರು. ಪರೀಕ್ಷೆಗೆ ಐದು ತಿಂಗಳಿತ್ತು. ಬೀದಿಯವರೆಲ್ಲ ಅಯ್ಯೋ ಎಂದರು. ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಇವರ ಅಣ್ಣನ ಶೆಡ್ಡಿನಲ್ಲಿ ಎರಡು ಮಗ್ಗ ಹಾಕುವಷ್ಟು ಜಾಗ ಖಾಲಿ ಇತ್ತು. ಮಗ್ಗ ಅಲ್ಲಿಗೆ ಹೋಗಲಿ, ನಾವು ಮಗ್ಗದ ಸದ್ದೇ ಇಲ್ಲದ ಮನೆಗೆ ಹೋಗೋಣ, ನಾನು ಮನುಷ್ಯರ ಹಾಗೆ ಮೇಜಿನ ಮುಂದೆ ಕೂತು ಓದುತ್ತೇನೆ ಎಂದೆ. ಇವರು ಆಗಲಿ ಎಂದರು.

ಬ್ರೋಕರು ಮಾತ್ರ ಹಣೆ ಹಣೆ ಚಚ್ಚಿಕೊಂಡ. ನೇಕಾರರ ಊರಿನಲ್ಲಿ ಮಗ್ಗದ ಸದ್ದಿಲ್ಲದ ಮನೆ ಕೇಳುವವರನ್ನು ಇವತ್ತೇ ನೋಡಿದ್ದು ಎಂದ. ಆದರೂ ತೋರಿಸಿದ. ಒಂದು ಮನೆಗೆ ಮೂರು ಹೊತ್ತೂ ನೀರು, ಮಗಳ ಕಾಲೇಜು ಕೂಗಳತೆಯಲ್ಲಿ. ಅಂಗೈ ಇಟ್ಟೆ, ಹಿಂದಿನ ಗೋಡೆ ಗುಂಯ್ ಎಂದಿತು. ಬೇಡ ಎಂದೆ. ಇನ್ನೊಂದು ಮನೆ ಮಹಡಿ ಮೇಲೆ, ಗಾಳಿ ಬೆಳಕು ಚೆನ್ನಾಗಿತ್ತು, ಕೆಳಗೆ ಹಿಟ್ಟಿನ ಗಿರಣಿ. ಅದೂ ಬೇಡ. ಮೂರನೆಯದು ಹೇಳಿ ಮಾಡಿಸಿದಂತಿತ್ತು. ಗೋಡೆ ತಣ್ಣಗೆ, ಬೀದಿ ತಣ್ಣಗೆ, ಒಂದು ಪುಟ ಅಲ್ಲ ಎರಡು ಪುಟ ಓದಿದೆ. ಅಡ್ವಾನ್ಸಿನ ಮಾತು ಶುರುವಾಗುವ ಹೊತ್ತಿಗೆ ಫ್ಯಾನು ತಿರುಗಿತು, ಎಡಗಡೆ ಮನೆ, ಬಲಗಡೆ ಮನೆ, ಎದುರು ಮನೆ ಎಲ್ಲ ಒಟ್ಟಿಗೆ ಟಕಟಕ ಎಂದವು. ಕರೆಂಟು ಹೋಗಿದ್ದಾಗ ನಾವು ಮನೆ ನೋಡಿದ್ದೆವು. ನೇಕಾರರ ಮನೆಯಲ್ಲಿ ಹುಟ್ಟಿ ನೇಕಾರರ ಮನೆಗೆ ಸೇರಿದವಳು ಇಂಥ ತಪ್ಪು ಮಾಡಬಹುದೇ ಎಂದು ಇವರು ದಾರಿಯುದ್ದಕ್ಕೂ ನಕ್ಕರು. ನಾನು ಗಾಡಿಯ ಹಿಂದೆ ಕೂತು ಮುಖ ಊದಿಸಿಕೊಂಡಿದ್ದೆ.

ಹದಿನಾಲ್ಕು ಮನೆ ನೋಡಿದ ಮೇಲೆ ಸಿಕ್ಕಿದ್ದು ಘಾಟಿ ರಸ್ತೆಯಲ್ಲಿ, ಊರು ಮುಗಿದ ಮೇಲೆ ಎದ್ದ ಹೊಸ ಲೇಔಟಿನಲ್ಲಿ. ಇದ್ದದ್ದೇ ಏಳೆಂಟು ಮನೆ, ಮಿಕ್ಕದ್ದೆಲ್ಲ ಕಲ್ಲು ನೆಟ್ಟ ಸೈಟು. ಮಹಡಿ ಮೇಲೆ ನಿವೃತ್ತ ಟೀಚರೊಬ್ಬರು ಒಬ್ಬರೇ ಇದ್ದರು, ಅವರೇ ಓನರು. ಟಿವಿ ಜೋರಾಗಿ ಹಾಕಬಾರದು ಎಂದು ಅವರೇ ನಮಗೆ ಷರತ್ತು ಹಾಕಿದರು. ನನಗೆ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಬೇಕೆನಿಸಿತು. ಮಗಳು ಬಸ್ಸಿಗೆ ಒಂದು ಮೈಲಿ ನಡೆಯಬೇಕಾಯಿತು. ಇವರು ಊಟಕ್ಕೆ ಮನೆಗೆ ಬರುವುದು ತಪ್ಪಿ ನಾನೇ ಶೆಡ್ಡಿಗೆ ಬುತ್ತಿ ಕೊಂಡೊಯ್ಯಬೇಕಾಯಿತು. ಇಬ್ಬರೂ ಗೊಣಗಲಿಲ್ಲ. ಮಗಳು ಹಳೆಯ ಮೇಜೊಂದನ್ನು ಒರೆಸಿ ಕಿಟಕಿ ಪಕ್ಕ ಇಟ್ಟು, ಕೂತ್ಕೋ ಅಮ್ಮಾ ಎಂದಳು.

ಕೂತೆ. ಮೊದಲ ದಿನ ಅರ್ಧ ಪುಟ ಓದಿ ಎದ್ದೆ. ಯಾಕೆ ಎದ್ದೆ? ಗ್ಯಾಸ್ ಆರಿಸಿಲ್ಲವೇನೋ ಎಂದು ಹೋಗಿ ನೋಡಿದೆ, ಆರಿತ್ತು. ಮತ್ತೆ ಕೂತೆ. ಒಂದು ಪ್ಯಾರಾ ಆಯಿತು, ನಲ್ಲಿ ಬಿಟ್ಟಿದೆಯೇನೋ ಎಂದು ಎದ್ದೆ. ನಲ್ಲಿ ಬಿಟ್ಟಿರಲಿಲ್ಲ. ಬಾಗಿಲು ಹಾಕಿತ್ತು, ಹಾಲು ಮುಚ್ಚಿತ್ತು, ಬಟ್ಟೆ ಒಣಗಿರಲಿಲ್ಲ. ಹೊಸ ಜಾಗ, ಒಗ್ಗಿಕೊಳ್ಳಲು ನಾಲ್ಕು ದಿನ ಬೇಕು ಎಂದುಕೊಂಡೆ. ನಾಲ್ಕು ದಿನ ಎಂಟಾಯಿತು, ಎಂಟು ಹದಿನೈದಾಯಿತು. ಕೋಣೆಯ ಮಧ್ಯೆ ಬಂದು ನಿಂತು, ಬಂದದ್ದು ಯಾಕೆ ಎಂದು ಯೋಚಿಸುತ್ತಾ ನಿಂತುಬಿಡುತ್ತಿದ್ದೆ. ಆ ಹದಿನೈದು ದಿನದಲ್ಲಿ ನಾನು ಓದಿದ್ದು ಹನ್ನೊಂದು ಪುಟ. ಒಂದು ಬೆಳಗ್ಗೆ ಕಾಲೇಜಿಗೆ ಹೊರಟ ಮಗಳು ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದಳು.

"ಅಮ್ಮಾ, ನೀನು ಏನ್ ಹುಡುಕ್ತಾ ಇದ್ದೀಯಾ?"

ರೇಗಿಬಿಟ್ಟೆ. ನೀನು ಬಸ್ಸಿಗೆ ನಡಿ, ನಂಗೇನು ಹುಡುಕೋದಿದೆ ಎಂದು ಕಿರುಚಿದೆ. ಪಾಪದ ಹುಡುಗಿ, ನನಗೋಸ್ಕರ ದಿನಾ ಒಂದು ಮೈಲಿ ನಡೆಯುತ್ತಿದ್ದವಳು. ಅವಳು ಹೋದ ಮೇಲೆ ಮೇಜಿನ ಮೇಲೆ ತಲೆ ಇಟ್ಟು ಅತ್ತೆ. ಹದಿನಾಲ್ಕು ಮನೆ ತಿರುಗಿಸಿ, ಎಲ್ಲರನ್ನೂ ಊರಾಚೆ ತಂದು ಕೂರಿಸಿ, ಇಷ್ಟು ನಿಶ್ಶಬ್ದ ಕೊಟ್ಟರೂ ಓದಲಾಗದಿದ್ದರೆ ನನ್ನ ತಲೆಯಲ್ಲೇ ಏನೂ ಇಲ್ಲ ಎಂದಾಯಿತಲ್ಲ. ಇದು ನನ್ನಿಂದ ಆಗುವ ಕೆಲಸವಲ್ಲ ಎಂದು ಆವತ್ತು ಖಂಡಿತವಾಗಿ ಅನಿಸಿತು.

ಅದೇ ದಿನ ಮಧ್ಯಾಹ್ನ ಬುತ್ತಿ ತೆಗೆದುಕೊಂಡು ಶೆಡ್ಡಿಗೆ ಹೋದೆ. ಇವರು, ಒಂದು ಸೀರೆ ಮುಗೀತಾ ಇದೆ, ಸ್ವಲ್ಪ ಇರು ಎಂದು ಕೈಯಲ್ಲೇ ಸನ್ನೆ ಮಾಡಿದರು. ನಾನು ನೂಲಿನ ಮೂಟೆ ಮೇಲೆ ಕೂತೆ. ಬ್ಯಾಗಿನಲ್ಲಿ ಪುಸ್ತಕ ಇತ್ತು, ತೆಗೆದೆ. ಎಷ್ಟು ಹೊತ್ತಾಯಿತೋ, ನಮ್ಮ ಎರಡು ಮಗ್ಗದಲ್ಲಿ ಒಂದರ ಸದ್ದು ನಿಂತಿತು. ಇವರಿಗಿಂತ ಮುಂಚೆ ನಾನು ಎದ್ದಿದ್ದೆ. ಎಳೆ ತುಂಡಾಗಿತ್ತು, ಗಂಟು ಹಾಕಿದೆ, ಓಡಿಸಿದೆ, ಬಂದು ಕೂತೆ. ಪುಸ್ತಕ ಕೈಗೆ ತಗೊಂಡಾಗ ಗೊತ್ತಾಯಿತು, ಹತ್ತೊಂಬತ್ತು ಪುಟ ಓದಿದ್ದೆ. ಓದಿದ್ದೆಲ್ಲ ನೆನಪಿತ್ತು.

ಆಗ ಹೊಳೆಯಿತು. ಸದ್ದು ಇದ್ದರೆ ಎಲ್ಲ ಸರಿಯಾಗಿದೆ ಎಂದು ನನ್ನ ಕಿವಿಗೆ ಗೊತ್ತು. ಸದ್ದು ನಿಂತರೆ ಎಲ್ಲೋ ಎಳೆ ತುಂಡಾಗಿದೆ, ಏಳು ಎಂದರ್ಥ. ಚಿಕ್ಕಂದಿನಿಂದ ಕಿವಿ ಕಲಿತದ್ದು ಅಷ್ಟೇ. ಆ ಮನೆಯಲ್ಲಿ ಸದ್ದು ಯಾವಾಗಲೂ ನಿಂತೇ ಇತ್ತು. ನಾನು ಹದಿನೈದು ದಿನದಿಂದ ಇಲ್ಲದ ಮಗ್ಗದ ತುಂಡಾಗದ ಎಳೆ ಹುಡುಕುತ್ತಾ ಎದ್ದೆದ್ದು ಓಡಾಡುತ್ತಿದ್ದೆ. ಪರೀಕ್ಷೆಯಲ್ಲಿ ತಲೆ ಎತ್ತಿ ಅತ್ತಿತ್ತ ನೋಡುತ್ತಿದ್ದದ್ದೂ ಅದಕ್ಕೇ. ಪಿನ್ನು ಬಿದ್ದರೂ ಕೇಳಿಸುವ ಆ ಪರೀಕ್ಷೆ ಹಾಲ್‌ನಲ್ಲಿ ಮೂರು ಗಂಟೆ ಕಾಲ ನನ್ನ ಮೈ ಒಂದೇ ಸಮ ಏಳು ಏಳು ಎನ್ನುತ್ತಿತ್ತು. ನನ್ನನ್ನು ಫೇಲು ಮಾಡಿಸಿದ್ದು ಮಗ್ಗ ಎಂದು ಇಷ್ಟು ದಿನ ಬೈದದ್ದೇ ಬೈದದ್ದು!

ಇದನ್ನು ಇವರಿಗೆ ಹೇಳಲು ನಾಲ್ಕು ದಿನ ಹಿಡಿಯಿತು. ಯಾವ ಮುಖ ಇಟ್ಟುಕೊಂಡು ಹೇಳಲಿ? ಕೊನೆಗೆ ಭಾನುವಾರ ಊಟಕ್ಕೆ ಬಡಿಸುತ್ತಾ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ, ನಗಲಿಲ್ಲ. ಮುದ್ದೆ ಮುರಿಯುತ್ತಾ ಯೋಚನೆ ಮಾಡಿದರು.

"ಓದೋದಕ್ಕೇನು, ದಿನಾ ಶೆಡ್ಡಿಗ್ ಬಂದು ಓದ್ಕೊ. ಆದ್ರೆ ಪರೀಕ್ಷೆ ಹಾಲ್‌ಗೆ ಮಗ್ಗ ಹೊತ್ಕೊಂಡ್ ಬರಕ್ಕಾಗಲ್ವಲ್ಲ ಕಣೆ."

ಅದೇ ತಾನೇ ಇದ್ದ ಪ್ರಶ್ನೆ. ಓದಿದ್ದನ್ನು ಬರೆಯಬೇಕಾದದ್ದು ನಿಶ್ಶಬ್ದದಲ್ಲಿ. ಸಾರಿನ ಪಾತ್ರೆ ಕೆಳಗಿಟ್ಟಾಗ ನೆಲದಿಂದ ಏನೋ ಸಣ್ಣ ಸದ್ದು ಬರುತ್ತಿತ್ತು. ಬಗ್ಗಿ ನೋಡಿದೆ. ಚಕ್ಕಂಬಕ್ಕಳ ಹಾಕಲಾಗದೆ ಎತ್ತರದ ಮಣೆ ಮೇಲೆ ಕಾಲು ಇಳಿಬಿಟ್ಟು ಕೂರುವುದು ಇವರ ಅಭ್ಯಾಸ, ಮಂಡಿ ನೋವು. ಬಲಗಾಲಿನ ಹೆಬ್ಬೆರಳು ನೆಲವನ್ನು ತಟ್ಟುತ್ತಿತ್ತು. ಟಕ ಟಕ, ಟಕ ಟಕ. ಊಟಕ್ಕೆ ಕೂತಾಗ ಕಾಲು ಕುಣಿಸಬೇಡಿ, ಮನೆಗೆ ದರಿದ್ರ ಎಂದು ಮದುವೆಯಾದಾಗಿನಿಂದ ನಾನು ಬೈಯುತ್ತಾ ಬಂದ ಕಾಲು. ಮಗ್ಗ ಓಡುವ ಲಯ ಅದು, ಒಂದು ಚೂರೂ ಹೆಚ್ಚು ಕಡಿಮೆ ಇಲ್ಲ. ಅಷ್ಟು ವರ್ಷ ಬೈದವಳಿಗೆ ಅದು ಒಂದು ದಿನವೂ ಕೇಳಿಸಿರಲಿಲ್ಲ, ಯಾಕೆಂದರೆ ಪಕ್ಕದಲ್ಲೇ ನಿಜವಾದ ಮಗ್ಗ ಓಡುತ್ತಿತ್ತು.

"ನಿಲ್ಲಿಸ್ಬೇಡಿ ರೀ," ಎಂದೆ. ಇವರಿಗೆ ಕಾಲಿನ ವಿಷಯವೇ ಗೊತ್ತಿರಲಿಲ್ಲ, ಏನನ್ನ ಎಂದು ಕೇಳಿದರು.

ಉಳಿದ ದಿನಗಳಲ್ಲಿ ಬೆಳಗ್ಗೆ ಶೆಡ್ಡಿನಲ್ಲಿ ಓದಿದೆ, ಮಧ್ಯಾಹ್ನ ಮನೆಯ ಮೇಜಿನಲ್ಲಿ ಬರೆದು ಅಭ್ಯಾಸ ಮಾಡಿದೆ. ಬರೆಯುವಾಗ ಚಪ್ಪಲಿ ಬಿಟ್ಟು ಹೆಬ್ಬೆರಳಲ್ಲಿ ನೆಲ ತಟ್ಟಿದೆ. ಶುರುವಿನಲ್ಲಿ ಬರೆದರೆ ಕಾಲು ನಿಲ್ಲುತ್ತಿತ್ತು, ಕಾಲು ಓಡಿದರೆ ಕೈ ನಿಲ್ಲುತ್ತಿತ್ತು. ಇಪ್ಪತ್ತು ದಿನಕ್ಕೆ ಎರಡೂ ಒಗ್ಗಿದವು. ಮಹಡಿಯ ಟೀಚರು ಒಂದು ದಿನ ಇಳಿದು ಬಂದು, ಕೆಳಗೆ ಏನೋ ಸಣ್ಣಗೆ ಬಡಿದ ಹಾಗೆ ಕೇಳುತ್ತದಲ್ಲ ಎಂದರು. ಇಲ್ಲಮ್ಮಾ, ಇಲ್ಲಿ ಯಾವ ಸದ್ದೂ ಇಲ್ಲ ಎಂದುಬಿಟ್ಟೆ. ಮನೆ ನೋಡಲು ಬಂದ ದಿನ ಗೋಡೆಗೆ ಕೈ ಇಟ್ಟು ಪರೀಕ್ಷೆ ಮಾಡಿದವಳೇ ಹೀಗೆ ಹೇಳಿದರೆ ಅವರು ನಂಬದೆ ಏನು ಮಾಡುತ್ತಾರೆ.

ಪರೀಕ್ಷೆಯ ದಿನ ಅದೇ ಕಾಲೇಜು, ಅದೇ ಹಾಲ್. ಹೋದ ಸಲ ಬೈದ ಮೇಷ್ಟ್ರೇ ಉತ್ತರ ಪತ್ರಿಕೆ ಹಂಚಲು ಬಂದರು. ಬೆಂಚಿನ ಕೆಳಗೆ ಚಪ್ಪಲಿ ಬಿಟ್ಟೆ. ಕೊಠಡಿಯಲ್ಲಿ ಸದ್ದಡಗಿತು. ಮೈಯೊಳಗೆ ಏಳು ಎನ್ನುವ ಆ ಹಳೆಯ ಚಡಪಡಿಕೆ ಶುರುವಾಗುವ ಮುಂಚೆ ಹೆಬ್ಬೆರಳು ಓಡಿಸಿದೆ. ಮೊದಲ ಪ್ರಶ್ನೆ ಮುಗಿಯಿತು, ಎರಡನೆಯದು ಮುಗಿಯಿತು. ತಲೆ ಎತ್ತಲಿಲ್ಲ. ಮೂರನೆಯದರಲ್ಲಿ ಇರುವಾಗ ಮೇಷ್ಟ್ರ ಬೂಟಿನ ಸದ್ದು ಹತ್ತಿರ ಬಂತು. ಭಯಕ್ಕೆ ಕಾಲು ನಿಲ್ಲಿಸಿದೆ. ಅವರು ನನ್ನ ಬೆಂಚಿನ ಹತ್ತಿರವೇ ಬಹಳ ಹೊತ್ತು ನಿಂತರು. ನಾನು ಪೆನ್ನು ಹಿಡಿದುಕೊಂಡು ಪೇಪರನ್ನೇ ನೋಡುತ್ತಾ ಕೂತೆ, ಒಂದು ಅಕ್ಷರ ಬರೆಯಲಾಗಲಿಲ್ಲ. ಮುಂದಿನ ಬೆಂಚಿನಲ್ಲಿ ಜಡೆ ಹಾಕಿಕೊಂಡಿದ್ದ ಒಂದು ಹುಡುಗಿ ಎರಡು ಸಲ ಅರ್ಧ ಹಿಂದಕ್ಕೆ ತಿರುಗಿದಳು. ಅಯ್ಯೋ ಶಿವನೇ, ನನ್ನ ಕಾಲಿನ ಸದ್ದು ಅವಳಿಗೆ ಕೇಳಿಸಿದೆ, ಇನ್ನು ಮೇಷ್ಟ್ರಿಗೆ ಹೇಳುತ್ತಾಳೆ ಎಂದುಕೊಂಡೆ. ಅವಳು ಹೇಳಲಿಲ್ಲ. ಮೇಷ್ಟ್ರು ಅತ್ತ ಹೋದರು. ಆಗಿದ್ದಾಗಲಿ ಎಂದು ಮತ್ತೆ ಶುರು ಮಾಡಿದೆ, ಕೊನೆಯ ಗಂಟೆ ಹೊಡೆಯುವವರೆಗೆ ನಿಲ್ಲಿಸಲಿಲ್ಲ.

ಪಾಸಾದೆ. ಬಹಳ ಒಳ್ಳೆಯ ನಂಬರೇನಲ್ಲ, ಆದರೆ ಪಾಸು. ಮಗಳ ಮುಂದಿನ ವರ್ಷದ ಅರ್ಜಿಯಲ್ಲಿ ಆ ಜಾಗ ನಾನೇ ತುಂಬಿದೆ. ಮನೆಯನ್ನು ಬದಲಾಯಿಸಲಿಲ್ಲ. ಈಗಲೂ ಅಲ್ಲೇ ಇದ್ದೇವೆ, ಡಬ್ಬಗಳು ಇಟ್ಟ ಜಾಗದಲ್ಲೇ ಇರುತ್ತವೆ, ಊಟಕ್ಕೆ ಕೂತಾಗ ಇವರ ಕಾಲಿಗೆ ನಾನು ಏನೂ ಅನ್ನುವುದಿಲ್ಲ.

ಆವತ್ತು ಪರೀಕ್ಷೆ ಮುಗಿಸಿ ಹೊರಗೆ ಬಂದಾಗ ಆ ಜಡೆಯ ಹುಡುಗಿ ಮೆಟ್ಟಿಲ ಹತ್ತಿರ ನನಗೇ ಕಾಯುತ್ತಾ ನಿಂತಿದ್ದಳು. ಕೇಳುವ ಮುಂಚೆಯೇ ತಪ್ಪಾಯಿತಮ್ಮಾ ಎಂದೆ, ನಿನಗೆ ತೊಂದರೆಯಾಯಿತೇನೋ ಎಂದೆ. ಅವಳು ತಲೆ ಅಲ್ಲಾಡಿಸಿದಳು.

"ನಮ್ಮನೇಲೂ ನಾಲ್ಕು ಮಗ್ಗ ಅವೆ ಅಕ್ಕಾ," ಎಂದಳು. "ಮಧ್ಯದಲ್ಲಿ ಯಾಕೆ ನಿಲ್ಲಿಸ್ಬಿಟ್ರಿ? ನಂಗೂ ಬರೆಯಕ್ಕೇ ಆಗ್ಲಿಲ್ಲ."